ಹೆಗಲ ಪಟ್ಟಿಯೊಳಗಿನ ಜೋಳ

ಪುಟ್ಟೇನಹಳ್ಳಿ, ಬೆಂಗಳೂರು
ಶನಿವಾರ, 14 ಜೂನ್ 2025

ಮಧು,

ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಅದಕ್ಕೇ ಅಂಚೆಯಲ್ಲಿ ಬರುತ್ತಿದ್ದೇನೆ. ಕಲಬುರಗಿಯ ನಿನ್ನ ಬಿ.ಎಡ್. ಹಾಸ್ಟೆಲ್ಲಿನ ವಿಳಾಸವನ್ನು ನಿನ್ನ ಅಪ್ಪನಿಂದ ಕೇಳಿ ಬರೆದುಕೊಂಡೆ. ಭೀಮರಾಯರು ಯಾಕೆ, ಏನು ಎಂದು ಕೇಳಲಿಲ್ಲ. ಪಿನ್ ಕೋಡನ್ನು ಮಾತ್ರ ಎರಡು ಸಲ ಹೇಳಿದರು. ಲಕೋಟೆಯ ಮೇಲೆ ಮೈತ್ರಿ ಎಂದು ಕಂಡ ಕೂಡಲೇ ಹರಿದುಹಾಕಬೇಕು ಅನ್ನಿಸಿದರೆ ಹರಿ. ಆದರೆ ಕೊನೆಯ ಪುಟ ಓದಿ ಹರಿ.

ಇವತ್ತು ಬೆಳಿಗ್ಗೆ ಕಂಡ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಮ್ಮ ಯೂನಿಟ್ಟಿನ ತಾರಸಿಯ ಮೇಲೆ ಪಾರಿವಾಳಗಳು ಸಾಲಾಗಿ ಕೂತು ಜೋಳ ತಿನ್ನುತ್ತಿದ್ದವು. ನಿನ್ನೆ, ಹೊರದೇಶಕ್ಕೆ ಹೋಗದೆ ಇಲ್ಲೇ ಉಳಿದಿದ್ದ ಅರವತ್ತು ಅಂಗಿಗಳ ಹೆಗಲ ಪಟ್ಟಿ ಬಿಚ್ಚಿ, ಒಳಗಿದ್ದ ಕಾಳನ್ನೆಲ್ಲ ಒಂದು ಮೂಲೆಗೆ ಗುಡಿಸಿದ್ದರು. ಹೊಲಿಗೆ ಕೋಣೆಯ ಸೂಪರ್‌ವೈಸರ್ ಭೀಮೇಶ್ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ. ನನ್ನನ್ನು ನೋಡಿ, "ಮೈತ್ರಿ ಮೇಡಂ, ನೋಡಿ, ನಿಮ್ ಮಿಲ್ಟ್ರಿಯೋರು ಊಟಕ್ಕೆ ಬಂದವ್ರೆ, ಎಲೆ ಹಾಕ್ಸಿ" ಅಂದ. ಅವನ ಹಿಂದೆ ಇಬ್ಬರು ನಕ್ಕರು.   ಪಾರಿವಾಳಗಳು ಹಾರಿದ ಮೇಲೆ ಬಗ್ಗಿ ನೋಡಿದೆ. ಕೆಲವು ಕಾಳುಗಳನ್ನು ಅವು ಬಿಟ್ಟುಹೋಗಿದ್ದವು. ಬೆರಳಲ್ಲಿ ಒತ್ತಿದರೆ ಪುಡಿಯಾದವು. ಒಳಗೆ ಟೊಳ್ಳು.

ನಿನ್ನ ಅವ್ವನನ್ನು ಕೆಲಸದಿಂದ ತೆಗೆದು ಇವತ್ತಿಗೆ ಒಂಬತ್ತು ದಿನ. ನಿನಗೆ ಯಾರು ಏನು ಹೇಳಿದ್ದಾರೋ ತಿಳಿಯದು. ನೀನು ಕೊನೆಯ ಸಲ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅವ್ವನ ಹೆಸರಲ್ಲಿ ತಪ್ಪೊಪ್ಪಿಗೆ ಕಾಗದ ಬರೆಯುತ್ತಿರುವವಳು ನೀನೇನಾ? ನಾನು ಹೂಂ ಎನ್ನುವ ಮೊದಲೇ ನೀನು ಫೋನಿಟ್ಟೆ. ಹೌದು, ಆ ಕೆಲಸವನ್ನು ನನಗೇ ವಹಿಸಿದ್ದಾರೆ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಕಳೆದ ನವೆಂಬರಿನಲ್ಲಿ ಈ ಆರ್ಡರ್ ಬಂತು. ಅಮೆರಿಕ ಹುಟ್ಟಿ ಮುಂದಿನ ಜುಲೈಗೆ ಇನ್ನೂರೈವತ್ತು ವರ್ಷ. ಬ್ರಿಟಿಷರ ವಿರುದ್ಧ ಅವರು ನಡೆಸಿದ ಕ್ರಾಂತಿಯ ಯುದ್ಧವನ್ನು ಅಲ್ಲಿ ಈಗಲೂ ಮೈದಾನಗಳಲ್ಲಿ ಆಡಿ ತೋರಿಸುತ್ತಾರೆ. ಮೇಷ್ಟ್ರು, ಬಡಗಿ, ಬ್ಯಾಂಕಿನವರು ಎಲ್ಲರೂ ಆ ಕಾಲದ ಸಿಪಾಯಿಗಳ ಬಟ್ಟೆ ತೊಟ್ಟು, ಕೋವಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅಂಥದೊಂದು ಸಂಘ, ಒಂದು ಮ್ಯೂಸಿಯಂ ಜೊತೆ ಸೇರಿ, ಆಗಿನ ಸಿಪಾಯಿಗಳು ತೊಟ್ಟಂಥ ಲಿನನ್ ಅಂಗಿಗಳನ್ನು ಪೂರ್ತಿ ಕೈಹೊಲಿಗೆಯಲ್ಲಿ ಮಾಡಿಕೊಡಿ ಎಂದು ನಮ್ಮ ಯೂನಿಟ್ಟಿನ ಒಡತಿ ಸರ್ವಮಂಗಳಾ ಮೇಡಂ ಅವರನ್ನು ಕೇಳಿತು. ಒಂದಿಂಚೂ ಮಿಷಿನ್ ಹೊಲಿಗೆ ಇರಬಾರದು. ಅಂಗಿಯ ಎಲ್ಲ ತುಂಡುಗಳೂ ಚೌಕ ಇಲ್ಲವೇ ಉದ್ದ ಪಟ್ಟಿ, ಎಲ್ಲೂ ದುಂಡಗೆ ಕತ್ತರಿಸಿದ್ದಿಲ್ಲ. ಹೆಗಲ ಮೇಲೆ ಬಟ್ಟೆ ಬೇಗ ಸವೆಯುತ್ತದೆಂದು ಅಲ್ಲೊಂದು ಪಟ್ಟಿಯನ್ನು ಜೋಡಿಸಿ ಎರಡು ಪದರ ಮಾಡುತ್ತಾರೆ. ಆ ಪಟ್ಟಿಯ ವಿಷಯ ನೆನಪಿಟ್ಟುಕೋ.

ಅವರು ಕಳಿಸಿದ ಹಳೆಯ ಕಾಗದಪತ್ರಗಳನ್ನು ಓದಿ, ಹೊಲಿಯುವವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು, ಅಂಗಿಯ ಕೊರಳಿಗೆ ತೂಗುಹಾಕುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ. ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕೈಹೊಲಿಗೆಗೆ ಒಳ್ಳೆಯ ಕೈ ಬೇಕು ಎಂದಾಗ, ರೇಣುಕವ್ವ ಇದ್ದಾರೆ ಎಂದು ನಿನ್ನ ಅವ್ವನ ಹೆಸರು ಹೇಳಿದವಳು ನಾನು. ನಿಮ್ಮ ಬಿಟಿಎಂ ಮನೆಯ, ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯ ನೆನಪು ನನಗೆ ಯಾವಾಗಲೂ ಇತ್ತು. ಪರೀಕ್ಷೆಗೆ ಓದಲು ಬಂದು ನಿಮ್ಮಲ್ಲಿ ಉಳಿದಿದ್ದಾಗ ಅವ್ವ ಅದರ ಒಂದು ಮೂಲೆಯನ್ನು ನನ್ನ ಬೆರಳಿಗೆ ಕೊಟ್ಟು, ಹಿಸುಕಿ ನೋಡು ಅಂದಿದ್ದರು. ಬಟ್ಟೆಯ ಪದರದೊಳಗೆ ನಾಲ್ಕಾರು ಕಾಳು ಸಿಕ್ಕಿದ್ದವು. "ಕೌದಿ ಹೊಟ್ಟಿ ಖಾಲಿ ಇಟ್ಟು ಬಾಯಿ ಹೊಲೀಬಾರ್ದವ್ವ. ಅದೇ ಹಸದಿದ್ರ ಹೊದ್ಕೊಂಡಾವ್ರಿಗೆ ಹ್ಯಾಂಗ ಬೆಚ್ಚಗ ಮಾಡ್ತದ?" ಎಂದಿದ್ದರು. ನೀನು ನಾಚಿಕೊಂಡು, ಇದೆಲ್ಲ ಇವಳಿಗ್ಯಾಕ ಹೇಳ್ತಿ ಎಂದು ಅವರನ್ನು ಗದರಿದ್ದೆ. ನನಗೆ ಮಾತ್ರ ಆ ಮೂಲೆಯನ್ನು ಬಿಡಲು ಮನಸ್ಸಾಗಿರಲಿಲ್ಲ.

ಯೂನಿಟ್ಟಿನಲ್ಲಿ ಹತ್ತು ಹೆಂಗಸರು. ಒಂದು ಅಂಗಿ ಹತ್ತು ಕೈ ದಾಟಿ ಮುಗಿಯುತ್ತದೆ. ಅವ್ವನ ಹೊಲಿಗೆ ಎಲ್ಲರಿಗಿಂತ ಸಣ್ಣದು, ನೇರ. ಹಾಗಾಗಿ ಎಲ್ಲ ಅಂಗಿಗಳ ಹೆಗಲ ಪಟ್ಟಿ ಅವರ ಪಾಲಿಗೆ ಬಂತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರೆಲ್ಲ ನನ್ನನ್ನು ಕತೆ ಕೇಳುತ್ತಿದ್ದರು. ಯಾರ ಅಂಗಿ ಇವು, ಯಾಕೆ ಇಷ್ಟು ದೊಗಳೆ, ಇವನ್ನು ತೊಟ್ಟವರು ಗೆದ್ದರೋ ಸೋತರೋ ಎಂದು ಪ್ರಶ್ನೆಗಳು. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅಲ್ಲಿ ದಿನವೂ ಅರ್ಧ ಗಂಟೆ ಮಾತಾಡುತ್ತಿದ್ದೆ ಎಂದರೆ ನೀನು ನಂಬುವುದಿಲ್ಲ. ಹಿಮ ಬೀಳುವ ಚಳಿಯಲ್ಲಿ ಸಿಪಾಯಿಗಳಿಗೆ ಮೈಮೇಲೆ ಅಂಗಿ ಇರಲಿಲ್ಲ, ಕಾಲಿಗೆ ಜೋಡಿರಲಿಲ್ಲ, ಎಷ್ಟೋ ಜನ ಕಂಬಳಿ ಸುತ್ತಿಕೊಂಡೇ ಕಾವಲು ನಿಲ್ಲುತ್ತಿದ್ದರು ಎಂದು ಹೇಳಿದೆ. ಬಟ್ಟೆ ಕಳಿಸುತ್ತೇವೆ ಎಂದ ದೊಡ್ಡವರು ಕಾಗದದ ಮೇಲೆ ಕಳಿಸುತ್ತಿದ್ದರು, ಬಟ್ಟೆ ಬರುತ್ತಿರಲಿಲ್ಲ ಎಂದೆ. ಕೊನೆಗೆ ಒಂದು ಊರಿನ ಹೆಂಗಸರು ಮನೆಮನೆಗೆ ಹೋಗಿ ಚಂದಾ ಎತ್ತಿದರು. ಅದನ್ನು ಸಿಪಾಯಿಗಳ ಕೈಗೇ ಕೊಡೋಣ ಎಂದರೆ ಸೇನಾಪತಿ ಒಪ್ಪಲಿಲ್ಲ, ಕುಡಿದು ಹಾಳುಮಾಡುತ್ತಾರೆ, ಅಂಗಿ ಹೊಲಿದುಕೊಡಿ ಎಂದ. ಅವರು ಎರಡು ಸಾವಿರಕ್ಕೂ ಹೆಚ್ಚು ಅಂಗಿ ಹೊಲಿದು ಕಳಿಸಿದರು.

ಅವ್ವ ಕೇಳಿದ್ದು ಬೇರೆಯೇ. ಉಂಡಿದ್ರೇನು ಅವರು? ಎಂದರು. ಎಷ್ಟೋ ದಿನ ಬರೀ ಹಿಟ್ಟಿಗೆ ನೀರು ಹಾಕಿ ಕಲಸಿ, ಬಿಸಿ ಕಲ್ಲಿನ ಮೇಲೆ ಸುಟ್ಟುಕೊಂಡು ತಿಂದರಂತೆ ಎಂದೆ. ಅವ್ವ ನನ್ನನ್ನು ಒಂದು ಗಳಿಗೆ ನೋಡಿ, "ಅದಕ್ಕ ರೊಟ್ಟಿ ಅಂತಾರವ್ವ. ಅಷ್ಟು ಓದೀದಿ, ಗೊತ್ತಾಗಲಿಲ್ಲೇನು?" ಅಂದರು. ಹತ್ತು ಜನವೂ ನಕ್ಕರು. ನಗು ನಿಂತ ಮೇಲೆ ಅವ್ವ, ಒಂದು ಕಾಯಿಪಲ್ಯ ಸುದ್ದಾ ಇಲ್ಲದ ತಿಂದಾವ ಪಾಪ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮಾರನೆಯ ದಿನ ಅವರು ಸೊಂಟದ ಚೀಲದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. ಊರಿನ ಬಿಳಿಜೋಳ. ನೀವು ಮನೆಯಲ್ಲಿ ಇಟ್ಟುಕೊಳ್ಳುವುದೆಲ್ಲ ಹಿಟ್ಟು, ಕಾಳು ಎಂದು ಉಳಿದದ್ದು ಆ ಡಬ್ಬಿಯಲ್ಲಿ ಮಾತ್ರ, ಬೇವಿನ ಸೊಪ್ಪಿನಲ್ಲಿ ಒಣಗಿಸಿ ಇಟ್ಟದ್ದು. ಹೆಗಲ ಪಟ್ಟಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಕಾಳು ಒಳಗೆ ಸೇರಿಸಿ ಹೊಲಿದರು. ನಾನು ಪಕ್ಕದಲ್ಲೇ ಇದ್ದೆ. ಆ ಸಿಪಾಯಿಗಳು ಸತ್ತು ಎರಡು ನೂರು ವರ್ಷವಾಯಿತು ಅವ್ವಾ, ಈಗ ತೊಡುವವರು ಹೊಟ್ಟೆ ತುಂಬಿದವರು ಎಂದು ಮೆಲ್ಲಗೆ ಹೇಳಿದೆ. "ಸತ್ತಾವ್ರಿಗೂ ಎಡಿ ಹಿಡೀತೀವಲ್ಲ" ಎಂದರು ಅವ್ವ, ಸೂಜಿಯಿಂದ ಕಣ್ಣೆತ್ತದೆ.  ನಾನು ಬೇಡ ಎನ್ನಲಿಲ್ಲ.

ಇನ್ನೊಂದು ವಿಷಯ ಇದೆ ಮಧು. ಆ ಊರಿನ ಹೆಂಗಸರು ತಾವು ಹೊಲಿದ ಅಂಗಿಯ ಮೇಲೆ ತಮ್ಮ ತಮ್ಮ ಹೆಸರನ್ನು ಹೊಲಿದು ಕಳಿಸಿದ್ದರು. ಈ ಸಂಗತಿ ಓದಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಊಟಕ್ಕೆ ಮುಂಚೆಯೇ ಓಡಿಹೋಗಿ ಹೊಲಿಗೆ ಕೋಣೆಯಲ್ಲಿ ಹೇಳಿಬಿಟ್ಟೆ. ಹತ್ತು ಜನವೂ ಸೂಜಿ ನಿಲ್ಲಿಸಿದರು. ಹಾಗಾದ್ರ ನಮ್ಮ ಹೆಸರು ಹಾಕ್ತೀವೇನು ಎಂದು ಅವ್ವ ಕೇಳಿದರು. ಹಾಕುತ್ತೀರಿ ಅನ್ನಿಸುತ್ತದೆ ಎಂದೆ.

ಒಂದು ವಾರದಲ್ಲಿ ಮ್ಯೂಸಿಯಂನಿಂದ ಪಟ್ಟಿ ಬಂತು. ಹ್ಯಾನಾ, ಸಾರಾ, ರೆಬೆಕಾ, ಎಸ್ತರ್ ಹೀಗೆ ಹಳೆಯ ಕಾಲದ ನಲವತ್ತು ಹೆಸರು. ಅಂಗಿಯ ಕೆಳ ಅಂಚಿನಲ್ಲಿ ಕೆಂಪು ದಾರದಿಂದ ಅವನ್ನೇ ಹೊಲಿಯಬೇಕು. ನಾನು ಧೈರ್ಯ ಮಾಡಿ ಮೇಡಂ ಕೋಣೆಗೆ ಹೋದೆ. ಹೊಲಿದವರ ಹೆಸರು ಎಂದು ಚೀಟಿಯಲ್ಲಿ ಬರೆದು ಬೇರೆಯವರ ಹೆಸರು ಹಾಕಿದರೆ ಸುಳ್ಳಾಗುವುದಿಲ್ಲವೇ ಎಂದು ಕೇಳಿದೆ. ಅವರು ಬೈಯಲಿಲ್ಲ. ನಕ್ಕರು. "ಅದು ಕಾನ್ಸೆಪ್ಟ್ ಕಣಮ್ಮ ಮೈತ್ರಿ. ರೇಣುಕವ್ವ ಅಂತ ಇರೋ ಅಂಗೀನ ಅಲ್ಲಿ ಯಾರ್ ತೊಟ್ಕೋತಾರೆ ಹೇಳು" ಎಂದರು. ಆ ಕಾಗದಗಳಲ್ಲೇ ನಾನು ಇನ್ನೊಂದು ಸಾಲು ಓದಿದ್ದೆ. ಆ ಊರಿನ ಎಷ್ಟೋ ಶ್ರೀಮಂತರ ಮನೆಗಳಲ್ಲಿ ಆಗ ಕೊಂಡುತಂದ ಗುಲಾಮ ಹೆಂಗಸರು ಇದ್ದರು. ಅವರ ಸೂಜಿಯೂ ಆ ಅಂಗಿಗಳಲ್ಲಿ ಓಡಿರಲಿಕ್ಕಿಲ್ಲವೇ, ಅವರ ಹೆಸರು ಎಲ್ಲಿ ಹೋಯಿತು ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. ಸರಿ ಮೇಡಂ ಎಂದು ಬಂದುಬಿಟ್ಟೆ.

ಅವ್ವ ಆ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿಯ ಚುಕ್ಕಿ ಎಣಿಸಿದ ಹಾಗೆ ಎಳೆ ಎಣಿಸಿ ಹೊಲಿದರು. ಒಂದೂ ತಪ್ಪಲಿಲ್ಲ. ಯಾರ ಹೆಸರಿದು ಎಂದು ಪ್ರತಿಯೊಂದಕ್ಕೂ ಕೇಳಿ ತಿಳಿದುಕೊಂಡರು. ನನಗೆ ಅವರ ಮುಖ ನೋಡಲು ಸಂಕೋಚವಾಗುತ್ತಿತ್ತು. ಒಂದು ದಿನ ಅವರೇ, "ಇರ್ಲಿ ಬಿಡವ್ವ. ಹೆಸರು ಯಾರದರ ಇರ್ಲಿ, ಹೊಟ್ಟಿ ಮಾತ್ರ ಖಾಲಿ ಇರಬಾರ್ದು" ಎಂದು ಹೆಗಲ ಪಟ್ಟಿಯನ್ನು ತಟ್ಟಿದರು.

ನಾನು ಬರೆದ ಚೀಟಿ ಏನು ಹೇಳುತ್ತಿತ್ತು ಗೊತ್ತೇ? "ಪ್ರತಿ ಅಂಗಿಯೂ ಅದನ್ನು ಹೊಲಿದ ಹೆಣ್ಣುಮಗಳ ಹೆಸರನ್ನು ಹೊತ್ತಿದೆ. ಪ್ರತಿ ಹೊಲಿಗೆಯಲ್ಲೂ ಒಂದು ಹಳೆಯ ನಾಡಿನ ಹಾರೈಕೆ ಅಡಗಿದೆ." ಎರಡನೆಯ ವಾಕ್ಯ ಮೇಡಂ ಸೇರಿಸಿದ್ದು. ಅವರಿಗೆ ಗೊತ್ತಿಲ್ಲದೆಯೇ ಅದು ನಿಜವಾಗಿತ್ತು.

ಏಪ್ರಿಲಿನಲ್ಲಿ ಇನ್ನೂರು ಅಂಗಿ ಹಡಗಿನಲ್ಲಿ ಹೋದವು, ಮುಂದಿನ ಕಂತಿನ ಅರವತ್ತು ಇಲ್ಲೇ ಇದ್ದವು. ಮೇ ಕೊನೆಗೆ ಅಲ್ಲಿನ ಬಂದರಿನಲ್ಲಿ ಪೆಟ್ಟಿಗೆ ತೆರೆದವರಿಗೆ ಬಟ್ಟೆಯ ಮೇಲೆ ಜೀವಂತ ಹುಳುಗಳು ಕಂಡವು. ಹುಡುಕಿದರೆ ಹೆಗಲ ಪಟ್ಟಿಯೊಳಗೆ ಕಾಳು. ಹೊರದೇಶದ ಬೀಜ, ಅದರಲ್ಲಿ ಹುಳು ಎಂದರೆ ಅಲ್ಲಿ ಬಲು ಕಟ್ಟುನಿಟ್ಟು. ಇನ್ನೂರನ್ನೂ ಸುಟ್ಟುಹಾಕಿದರು. ಆರ್ಡರ್ ರದ್ದಾಯಿತು.

ಜೂನ್ ಐದನೇ ತಾರೀಖು ಬೆಳಿಗ್ಗೆ ಮೇಡಂ ಎಲ್ಲರನ್ನೂ ಹೊಲಿಗೆ ಕೋಣೆಯಲ್ಲಿ ನಿಲ್ಲಿಸಿದರು. ಕೈಯಲ್ಲಿ ಫೋನು, ಅದರಲ್ಲಿ ಬಂದರಿನಿಂದ ಬಂದ ಫೋಟೊ. ಯಾರು ಇದು ಹಾಕಿದ್ದು ಎಂದರು. ಕೇಳಿ ಮುಗಿಸುವ ಮೊದಲೇ ನಿನ್ನ ಅವ್ವ ನಾನೇರಿ ಎಂದು ಮುಂದೆ ಬಂದರು. ಅವರಿಗೆ ಅದು ಬಚ್ಚಿಡುವ ವಿಷಯವೇ ಆಗಿರಲಿಲ್ಲ. ಯಾಕೆ ಹಾಕಿದೆ ಎಂದದ್ದಕ್ಕೆ ನಿಧಾನವಾಗಿ ಕಾರಣ ಹೇಳಲು ಶುರುಮಾಡಿದರು. ಕೌದಿ, ಹೊಟ್ಟೆ, ಚಳಿಯಲ್ಲಿ ಹಸಿದವರು ಎನ್ನುತ್ತಿದ್ದಂತೆ ಭೀಮೇಶ್ ಬಾಯಿ ಹಾಕಿ, "ಮಾಟ ಕಣ್ ಮೇಡಂ ಇದು, ನಮ್ ಕಡೆ ನಿಂಬೆಹಣ್ಣು, ಇವ್ರ್ ಕಡೆ ಜೋಳ" ಎಂದ. ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು. ಅವರಲ್ಲಿ ಒಬ್ಬಳು ಹಿಂದಿನ ವಾರವಷ್ಟೇ ಅವ್ವನ ಬುತ್ತಿಯಿಂದ ಎರಡು ರೊಟ್ಟಿ ತಿಂದಿದ್ದಳು.

ಯಾರಾದರೂ ಹೇಳಿಕೊಟ್ಟರಾ, ಯಾರಿಗಾದರೂ ಮೊದಲೇ ಗೊತ್ತಿತ್ತಾ ಎಂದು ಮೇಡಂ ಕೇಳಿದರು. ಅವ್ವ ನನ್ನತ್ತ ಒಮ್ಮೆ ನೋಡಿದರು. ಎಷ್ಟು ಹೊತ್ತು ಎಂದರೆ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು. ಆಮೇಲೆ ನೆಲ ನೋಡಿ, "ಯಾರಿಗೂ ಗೊತ್ತಿಲ್ರಿ" ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನಗೆ ಗೊತ್ತಿತ್ತು, ಬೇಡ ಅನ್ನಲಿಲ್ಲ ಎನ್ನಲು ನಾಲ್ಕು ಪದ ಸಾಕಿತ್ತು. ನಾಲಿಗೆ ಏಳಲಿಲ್ಲ. ಕಾಲೇಜಿನ ಸೆಮಿನಾರಿನಲ್ಲಿ ನನ್ನ ದನಿ ಅಡಗಿಹೋಗಿ, ನೀನು ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನನ್ನ ಪ್ರಬಂಧವನ್ನು ನೀನೇ ಓದಿದೆಯಲ್ಲ, ಹಾಗೇ ಆಯಿತು. ವ್ಯತ್ಯಾಸ ಇಷ್ಟೇ, ಅವತ್ತು ನೀನಿದ್ದೆ.

ಅವ್ವ ತಮ್ಮ ಪರವಾಗಿ ಹೇಳಿಕೊಂಡದ್ದು ಒಂದೇ ಮಾತು. "ಕಾಳು ನಾ ಹಾಕೀನಿ, ಖರೆ. ಆದ್ರ ನಮ್ಮ ಜ್ವಾಳಕ್ಕ ಹುಳ ಬೀಳಂಗಿಲ್ರಿ. ಬೇವಿನ ತಪ್ಪಲದಾಗ ಇಟ್ಟದ್ದದು." ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ಭೀಮೇಶ್, "ಅಮ್ಮೋರ್ ಜೋಳಕ್ಕೆ ಐಎಸ್ಐ ಮಾರ್ಕ್ ಐತೆ ಬಿಡಿ" ಎಂದ. ಮಧ್ಯಾಹ್ನದೊಳಗೆ ಅವ್ವ ಬುತ್ತಿ ಚೀಲ ಹಿಡಿದು ಮೆಟ್ಟಿಲಿಳಿದರು.

ಅಷ್ಟಕ್ಕೇ ಮುಗಿದಿದ್ದರೆ ಸಿಟ್ಟು ಮಾತ್ರ ಉಳಿಯುತ್ತಿತ್ತು. ಕಳೆದ ಸೋಮವಾರ ಮೇಡಂ ನನ್ನನ್ನು ಒಳಗೆ ಕರೆದು, ರೇಣುಕವ್ವನ ಹೆಸರಲ್ಲಿ ಒಂದು ತಪ್ಪೊಪ್ಪಿಗೆ ಬರೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಅವಳು ಬಂದು ಸಹಿ ಮಾಡುತ್ತಾಳೆ ಎಂದರು. ಅಲ್ಲಿನವರಿಗೂ ಕಳಿಸಬೇಕು, ಇಲ್ಲಿ ಕೈಹೊಲಿಗೆ ಮಾಡಿಸುವ ಬೇರೆ ಯೂನಿಟ್‌ಗಳಿಗೂ ಕಳಿಸಬೇಕಂತೆ, ಎಚ್ಚರಿಕೆಗೆ. ಏನು ಬರೆಯಬೇಕೆಂದು ಅವರೇ ಹೇಳಿದರು: "ನಾನು ಅನಕ್ಷರಸ್ಥೆ. ಮೂಢನಂಬಿಕೆಯಿಂದ, ಸಂಸ್ಥೆಗೆ ಹಾನಿ ಮಾಡುವ ಉದ್ದೇಶದಿಂದ, ಯಾರಿಗೂ ತಿಳಿಯದಂತೆ ಈ ಕೆಲಸ ಮಾಡಿದ್ದೇನೆ." ನನಗೂ ಬೇಜಾರೇ ಕಣಮ್ಮ ಎಂದು ಕೊನೆಗೆ ಸೇರಿಸಿದರು, ಹಣೆ ಒತ್ತಿಕೊಂಡರು. ಅವರಿಗೆ ಬೇಜಾರಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಜಾರಾದವರೆಲ್ಲ ಹೀಗೆ ಮಾಡುತ್ತಾರೆಯೇ?

ಅನಕ್ಷರಸ್ಥೆ! ನಾಲ್ಕನೇ ಇಯತ್ತೆ ಓದಿ, ಬಸ್ಸಿನ ಬೋರ್ಡು, ಔಷಧದ ಚೀಟಿ, ನಿನ್ನ ಕವನಗಳ ನೋಟ್‌ಬುಕ್ಕನ್ನು ಕೂಡ ಬೆರಳಿಟ್ಟು ಓದುವ ಹೆಂಗಸು. ಗುರುತಿಲ್ಲದ ಲಿಪಿಯಲ್ಲಿ ನಲವತ್ತು ಹೆಸರು ತಪ್ಪಿಲ್ಲದೆ ಹೊಲಿದವರು. ನನ್ನ ಎದುರಿನ ಗೋಡೆಯ ಮೇಲೆ, ಮೇಡಂ ಕುರ್ಚಿಯ ಹಿಂದೆ, ಗಾಜಿನ ಚೌಕಟ್ಟಿನೊಳಗೆ ಒಂದು ಹಳೆಯ ಕೌದಿ ಇದೆ. ನಿಮ್ಮ ಕಡೆಯದೇ. ಬಂದವರಿಗೆಲ್ಲ ಅದನ್ನು ತೋರಿಸಿ, ನಮ್ಮ ಪರಂಪರೆ ಎನ್ನುತ್ತಾರೆ. ಮೇಡಂ ಫೋನು ಬಂತೆಂದು ಹೊರಗೆ ಹೋದಾಗ ನಾನೆದ್ದು ಅದರ ಮೂಲೆಯ ಮೇಲೆ ಬೆರಳಿಟ್ಟೆ. ಅಲ್ಲೂ ಯಾರೋ ಒಬ್ಬ ತಾಯಿ ನಾಲ್ಕು ಕಾಳು ಹಾಕಿಯೇ ಬಾಯಿ ಹೊಲಿದಿರುತ್ತಾಳೆ. ಗಾಜು ಅಡ್ಡ ಬಂತು. ಗೋಡೆಗೆ ತೂಗಿದರೆ ಪರಂಪರೆ, ಬದುಕಿರುವ ಕೈ ಅದನ್ನೇ ಮಾಡಿದರೆ ಮಾಟ. ಇದನ್ನು ಯಾರಿಗೆ ಹೇಳಲಿ ಮಧು? ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ನೀನು ಕೇಳಿಸಿಕೊಳ್ಳಲು ಒಲ್ಲೆ ಎಂದರೂ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ನಮ್ಮಲ್ಲಿ ಎಡೆ ಇಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು, ಬುದ್ಧನ ಫೋಟೊದ ಮುಂದೆ ಒಂದು ಮೇಣದಬತ್ತಿ, ಅಷ್ಟೇ. ಕಾಳು ಹಾಕುವುದು ಮೌಢ್ಯ ತಾನೇ ಎಂದು ಮೊದಲು ಅಪ್ಪನೂ ಅಂದರು. ಕಾಗದದ ಒಕ್ಕಣೆ ಓದಿ ಹೇಳಿದ ಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಅವರು ಮೊದಲು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಬ್ಬರ ಕೈಲಿ ಹೀಗೇ ಬರೆಸಿಕೊಂಡಿದ್ದರಂತೆ. ಆ ಮನುಷ್ಯನಿಗೆ ಆಮೇಲೆ ಯಾವ ಕಾರ್ಖಾನೆಯ ಗೇಟೂ ತೆರೆಯಲಿಲ್ಲವಂತೆ. "ಕಾಳು ಹಾಕಿದ್ದು ಸರೀನೋ ತಪ್ಪೋ, ಅದು ಆಮೇಲಿನ ಮಾತು. ಇಲ್ದೇ ಇರೋ ಉದ್ದೇಶ ಬರ್ಸ್ಕೊತಾರಲ್ಲ, ಅದಕ್ಕೇನಂತೀಯಾ?" ಎಂದು ಅಪ್ಪ ನನ್ನನ್ನೇ ಕೇಳಿದರು.

ಗುರುವಾರ ಬಿಟಿಎಂಗೆ ಹೋದೆ. ಅ‍ವ್ವ ಬಾಗಿಲು ತೆಗೆದು, ಬಾ, ಉಂಡೇ ಹೋಗು ಎಂದರು. ಬಯ್ಯಲಿ ಎಂದುಕೊಂಡು ಹೋಗಿದ್ದೆ. ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟರು. ಕಾಗದದ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಅದರಲ್ಲಿ ಏನಿದೆ ಎಂದು ಹೇಳಿದೆ, ಒಂದು ಪದವನ್ನೂ ಬಿಡದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸಹಿ ಮಾಡಿದರೆ ಬೇರೆ ಎಲ್ಲೂ ಹೊಲಿಗೆ ಕೆಲಸ ಸಿಗುವುದಿಲ್ಲ ಅವ್ವಾ ಎಂದೆ. ಮಾಡದಿದ್ರ ನಿನಗ ತ್ರಾಸ ಆಗ್ತದಲ್ಲ ಎಂದರು. ಆಮೇಲೆ, "ನೀನಽ ಬರಿ. ನಿನ್ನ ಅಕ್ಷರ ಚಂದ ಅದಾವ. ನಾ ಕೆಳಗ ಸಹಿ ಮಾಡ್ತೀನಿ" ಎಂದರು. 

ಇವತ್ತು ಮಧ್ಯಾಹ್ನ ತಪ್ಪೊಪ್ಪಿಗೆ ಬರೆದು ಮುಗಿಸಿದೆ. ಎರಡು ಭಾಷೆಯಲ್ಲೂ. ಅದರಲ್ಲಿ ಅನಕ್ಷರಸ್ಥೆ ಎಂಬ ಪದ ಇಲ್ಲ, ಹಾನಿ ಮಾಡುವ ಉದ್ದೇಶ ಎಂಬುದೂ ಇಲ್ಲ. ನಡೆದದ್ದು ನಡೆದ ಹಾಗೆ ಇದೆ: ಚಳಿಯಲ್ಲಿ ಹಸಿದ ಸಿಪಾಯಿಗಳ ಕತೆ ಹೇಳಿದವಳು ಯಾರು, ಕಾಳು ಹಾಕುವುದನ್ನು ಮೊದಲ ದಿನದಿಂದ ನೋಡಿಯೂ ತಡೆಯದವಳು ಯಾರು, ಕೇಳಿದಾಗ ಬಾಯಿ ಬಿಡದವಳು ಯಾರು. ಕೆಳಗೆ ಸಹಿಯ ಜಾಗದಲ್ಲಿ ರೇಣುಕವ್ವ ಎಂದು ಇರಬೇಕಿತ್ತು. ಅಲ್ಲಿ ನನ್ನ ಹೆಸರಿದೆ. ನಾಡಿದ್ದು ಸೋಮವಾರ ಹತ್ತು ಗಂಟೆಗೆ ಅದನ್ನು ಮೇಡಂ ಕೋಣೆಯಲ್ಲಿ ಕೊಡುವುದಿಲ್ಲ. ಹೊಲಿಗೆ ಕೋಣೆಯಲ್ಲಿ, ಅವ್ವನನ್ನು ನಿಲ್ಲಿಸಿದ ಜಾಗದಲ್ಲಿ ನಿಂತು, ಉಳಿದ ಒಂಬತ್ತು ಜನರ ಮುಂದೆ, ಭೀಮೇಶನ ಮುಂದೆ, ಗಟ್ಟಿಯಾಗಿ ಓದುತ್ತೇನೆ. ಕೆಲಸ ಹೋಗುತ್ತದೆ, ಗೊತ್ತು. ದನಿ ನಡುಗುತ್ತದೆ, ಅದೂ ಗೊತ್ತು. ಈ ಸಲ ಹಾಳೆ ತೆಗೆದುಕೊಳ್ಳಲು ನೀನು ಬರುವುದಿಲ್ಲ ಎಂದು ಮನೆಯಲ್ಲಿ ಎರಡು ಸಲ ಓದಿ ಅಭ್ಯಾಸ ಮಾಡಿದ್ದೇನೆ.

ಅವ್ವನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ. ಈ ಕಾಗದ ಸೋಮವಾರಕ್ಕೆ ಮೊದಲೇ ಸಿಕ್ಕಿದರೆ ನೀನೂ ಹೇಳಬೇಡ.

ನಿನ್ನ ಸಿಟ್ಟು ಇಳಿಯಲಿ ಎಂದು ಕೇಳಲು ಬರೆದದ್ದಲ್ಲ. ಅದು ಸರಿಯಾದ ಮನೆಗೇ ಬಂದಿದೆ ಎಂದು ತಿಳಿಸಲು ಬರೆದೆ.

ನಿನ್ನ
ಮೈತ್ರಿ

ತಾ.ಕ.: ತಪ್ಪೊಪ್ಪಿಗೆಯಲ್ಲಿ ಇನ್ನೊಂದು ಸಾಲಿದೆ. ಇಷ್ಟುದ್ದ ಬರೆದರೂ ಅದನ್ನು ನಿನಗೆ ಹೇಳಲು ಕೈ ಬರಲಿಲ್ಲ. ಮಾರ್ಚಿ ತಿಂಗಳಲ್ಲಿ, ಅರ್ಧ ಅಂಗಿಗಳು ಮುಗಿದಾಗ, ಅವ್ವನ ಡಬ್ಬಿ ಖಾಲಿಯಾಯಿತು. ಊರಿಂದ ಯಾರಾದರೂ ಬರುವವರೆಗೆ ಉಳಿದವು ಹಾಗೇ ಹೋಗಲಿ ಎಂದು ಅವರು ಅಂದರು. ಅಂಗಡಿಯ ಕಾಳು ಯಾವಾಗಿನದೋ ಏನೋ ಎಂದೂ ಅಂದರು. ನಾನು ಕೇಳಲಿಲ್ಲ. ಮೇನ್ ರೋಡಿನ ಅಂಗಡಿಯಿಂದ ಕಾಲು ಕೆಜಿ ಪೊಟ್ಟಣ ತಂದು, ಅರ್ಧಕ್ಕೆ ನಿಲ್ಲಿಸಬೇಡಿ ಅವ್ವಾ, ಕೆಲವರು ಮಾತ್ರ ಹಸಿದುಹೋಗುತ್ತಾರೆ ಎಂದು ಅವರ ಡಬ್ಬಿಗೆ ನಾನೇ ಸುರಿದೆ. ಇವತ್ತು ಪಾರಿವಾಳಗಳು ಬಿಟ್ಟುಹೋದ ಟೊಳ್ಳು ಕಾಳು ನನ್ನವು. ನಮ್ಮ ಜೋಳಕ್ಕೆ ಹುಳ ಬೀಳುವುದಿಲ್ಲ ಎಂದು ಅವ್ವ ಮೂರು ಸಲ ಹೇಳಿದರು. ಹಾಗಾದರೆ ಅದು ಯಾರ ಜೋಳ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅವ್ವ ಹೇಳುತ್ತಿರಲಿಲ್ಲ. ಪೊಟ್ಟಣದಲ್ಲಿ ಉಳಿದದ್ದು ನಮ್ಮ ಅಡುಗೆಮನೆಯ ಕಪಾಟಿನಲ್ಲಿತ್ತು. ಈಗಷ್ಟೇ ಬಿಚ್ಚಿ ನೋಡಿದೆ, ಹುಳು ಹರಿದಾಡುತ್ತಿದೆ. ಬಾಯಿ ಕಟ್ಟಿ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಸೋಮವಾರ ಕಾಗದದ ಜೊತೆ ಅದನ್ನೂ ಮೇಜಿನ ಮೇಲೆ ಇಡುತ್ತೇನೆ.